ಪದ ಪರಿಚಯ: ಪ್ರೊವಿನ್ಶಿಯಲ್ ಯೂನಿಯನ್

ನ್ಯೂಜಿಲೆಂಡ್ ರಗ್ಬಿಯ ಸುದ್ದಿ ಓದುವವರಿಗೆ ಮೂರು ಬಗೆಯ ಹೆಸರು ಎದುರಾಗುತ್ತವೆ: ಪೊನ್ಸನ್‌ಬಿ, ಆಕ್ಲೆಂಡ್, ಬ್ಲೂಸ್. ಪೊನ್ಸನ್‌ಬಿ ಒಂದು ಕ್ಲಬ್, ಬ್ಲೂಸ್ ಒಂದು ಫ್ರಾಂಚೈಸಿ. ನಡುವೆ ಇರುವ ಆಕ್ಲೆಂಡ್ ಪ್ರೊವಿನ್ಶಿಯಲ್ ಯೂನಿಯನ್. ಇದನ್ನು ‘ಪ್ರಾಂತ್ಯದ ತಂಡ’ ಎಂದುಕೊಂಡು ಮುಂದೆ ಹೋಗುವವರೇ ಹೆಚ್ಚು, ಗೊಂದಲ ಶುರುವಾಗುವುದೂ ಅಲ್ಲೇ. ಯೂನಿಯನ್ ಎಂದರೆ ಒಂದು ಸೀಮೆಯ ಕ್ಲಬ್‌ಗಳೆಲ್ಲ ಸೇರಿ ಕಟ್ಟಿಕೊಂಡ ಸಂಘ. ತಂಡ ಆರಿಸಿ ಕಣಕ್ಕಿಳಿಸುವುದು ಅದರ ಹತ್ತಾರು ಕೆಲಸಗಳಲ್ಲಿ ಒಂದು. ಕ್ರಿಕೆಟ್ಟಿಗೆ ಹೋಲಿಸಿದರೆ ಕೆಎಸ್‌ಸಿಎ ಮತ್ತು ಕರ್ನಾಟಕ ರಣಜಿ ತಂಡಕ್ಕೆ ಇರುವ ಸಂಬಂಧವೇ ಇಲ್ಲಿಯೂ.

ಯೂನಿಯನ್ ಅಂದ ಕೂಡಲೇ ನಮ್ಮ ಕಿವಿಗೆ ಮುಷ್ಕರ, ಘೋಷಣೆ, ಗೇಟ್ ಮೀಟಿಂಗ್ ಕೇಳಿಸುತ್ತವೆ. ರಗ್ಬಿಯಲ್ಲಿ ಅದು ಕ್ಲಬ್‌ಗಳ ಒಕ್ಕೂಟ. 1871ರ ಜನವರಿಯಲ್ಲಿ ಲಂಡನ್ನಿನ ಒಂದು ರೆಸ್ಟೋರೆಂಟಿನಲ್ಲಿ 21 ಕ್ಲಬ್‌ಗಳವರು ಕೂತು ರಗ್ಬಿ ಫುಟ್‌ಬಾಲ್ ಯೂನಿಯನ್ ಮಾಡಿಕೊಂಡರು. ತಮಾಷೆ ಏನೆಂದರೆ, 24 ವರ್ಷದ ಮೇಲೆ ಅದು ಒಡೆದದ್ದು ಕೂಲಿಯ ಜಗಳಕ್ಕೇ. ಗಣಿ, ಗಿರಣಿಗಳಲ್ಲಿ ದುಡಿಯುವ ಆಟಗಾರರಿಗೆ ಪಂದ್ಯದ ದಿನ ತಪ್ಪಿದ ಕೂಲಿ ತುಂಬಿಕೊಡಬೇಕೆಂದ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು 1895ರಲ್ಲಿ ಹೊರನಡೆದವು. ಅವರ ಆಟಕ್ಕೆ ಮುಂದೆ ರಗ್ಬಿ ಲೀಗ್ ಎಂಬ ಹೆಸರು ಬಂತು, ಉಳಿದವರದು ರಗ್ಬಿ ಯೂನಿಯನ್ ಆಯಿತು.

‘ಪ್ರೊವಿನ್ಶಿಯಲ್’ ಎಂಬ ಮಾತಿನ ಕಥೆ ಇನ್ನೂ ವಿಚಿತ್ರ. ನ್ಯೂಜಿಲೆಂಡಿನಲ್ಲಿ ಆಡಳಿತದ ಪ್ರಾಂತ್ಯಗಳು 1876ಕ್ಕೇ ರದ್ದಾದವು. ಮೊದಲ ಎರಡು ಯೂನಿಯನ್‌ಗಳು, ಕ್ಯಾಂಟರ್ಬರಿ ಮತ್ತು ವೆಲ್ಲಿಂಗ್ಟನ್, ಹುಟ್ಟಿದ್ದು 1879ರಲ್ಲಿ. ಪ್ರಾಂತ್ಯ ಹೋದರೂ ಪ್ರಾಂತ್ಯಾಭಿಮಾನ ರಗ್ಬಿ ಅಂಗಳದಲ್ಲಿ ಉಳಿದುಕೊಂಡಿತು. 1892ರಲ್ಲಿ ದೇಶಮಟ್ಟದ ಸಂಸ್ಥೆ ಕಟ್ಟುವಾಗ ಕ್ಯಾಂಟರ್ಬರಿ, ಒಟಾಗೋ, ಸೌತ್‌ಲೆಂಡ್ ಮೊದಲಿಗೆ ಸೇರಲೇ ಇಲ್ಲ. ಹಾಗಾಗಿ ಯೂನಿಯನ್ನಿನ ಗಡಿಯನ್ನು ಸರ್ಕಾರಿ ನಕಾಶೆಯಲ್ಲಿ ಹುಡುಕಬಾರದು. ಮಹಾರಾಷ್ಟ್ರ ಒಂದರಲ್ಲೇ ಮುಂಬೈ, ವಿದರ್ಭ, ಮಹಾರಾಷ್ಟ್ರ ಎಂದು ಮೂರು ರಣಜಿ ತಂಡಗಳಿಲ್ಲವೇ, ಹಾಗೆ. ಆಕ್ಲೆಂಡ್ ನಗರದ ಸೇತುವೆ ದಾಟಿದರೆ ನಾರ್ತ್ ಹಾರ್ಬರ್ ಎಂಬ ಬೇರೆಯೇ ಯೂನಿಯನ್, 1985ರಲ್ಲಿ ಬೇರೆಯಾದದ್ದು. ಉಲ್ಟಾ ಉದಾಹರಣೆಯೂ ಇದೆ: ನೆಲ್ಸನ್ ಬೇಸ್ ಮತ್ತು ಮಾರ್ಲ್‌ಬರೋ 2006ರಲ್ಲಿ ಒಂದಾಗಿ ಟ್ಯಾಸ್ಮನ್ ಆದವು. ಈಗ ಒಟ್ಟು 26.

ಯೂನಿಯನ್ನಿನ ದಿನನಿತ್ಯದ ಕೆಲಸ ಟಿವಿಯಲ್ಲಿ ಕಾಣುವಂಥದ್ದಲ್ಲ. ಕ್ಲಬ್ ಮೂಲಕ ಬಂದ ಆಟಗಾರರ ನೋಂದಣಿ, ಯಾರು ಯಾವ ದರ್ಜೆಯಲ್ಲಿ ಆಡಬೇಕೆಂಬ ವಿಂಗಡಣೆ, ಶನಿವಾರಗಳ ವೇಳಾಪಟ್ಟಿ, ರೆಫರಿಗಳ ಹಂಚಿಕೆ, ಕೆಂಪು ಕಾರ್ಡ್ ಕಂಡವನ ವಿಚಾರಣೆ. ದರ್ಜೆಗಳೋ ಹಲವು. ಪುಟ್ಟ ಮಕ್ಕಳಿಗೆ ರಿಪ್ಪಾ ರಗ್ಬಿ, ಅದರಲ್ಲಿ ಕೆಡವುವ ಬದಲು ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕಿತ್ತರೆ ಸಾಕು. ದೊಡ್ಡವರಲ್ಲಿ ಪ್ರೀಮಿಯರ್ ಮೇಲಿನದು. ದೈತ್ಯರ ನಡುವೆ ನಜ್ಜುಗುಜ್ಜಾಗಲು ಒಲ್ಲದವರಿಗೆ 85 ಕಿಲೋ ಒಳಗಿನವರ ದರ್ಜೆ ಇದೆ. ಅದಕ್ಕೆ 2020ರಿಂದ ದೇಶಮಟ್ಟದ ಕ್ಲಬ್ ಕಪ್ ಕೂಡ ನಡೆಯುತ್ತಿದೆ.

ಕ್ಲಬ್ ಋತುವಿನ ಎರಡು ಹಂತ ಹೇಗಿರುತ್ತದೆಂದು ನೋಡಲು ವೆಲ್ಲಿಂಗ್ಟನ್ ಒಳ್ಳೆಯ ಮಾದರಿ. ಮೊದಲ ಸುತ್ತು ಸ್ವಿಂಡೇಲ್ ಶೀಲ್ಡ್‌ಗೆ. ಅದರ ಪಟ್ಟಿಯಲ್ಲಿ ಮೇಲೆ ನಿಂತವರು ಜುಬಿಲಿ ಕಪ್‌ಗೆ, ಕೆಳಗಿನವರು ಹಾರ್ಡ್‌ಹ್ಯಾಮ್ ಕಪ್‌ಗೆ. ಯೂನಿಯನ್ನಿಗೆ ಐವತ್ತು ತುಂಬಿದ 1929ರಿಂದ ಜುಬಿಲಿ ಕಪ್ ಇದೆ. ಈ ಜಾಣತನದಿಂದಾಗಿ ಸೋಲುತ್ತ ಬಂದ ಕ್ಲಬ್ಬಿಗೂ ಋತುವಿನ ಕೊನೆಯವರೆಗೆ ಆಡಲು ಒಂದು ಕಾರಣ ಉಳಿಯುತ್ತದೆ. ಅಂಕದ ಲೆಕ್ಕ ಸಾಮಾನ್ಯವಾಗಿ ಹೀಗೆ: ಗೆಲುವಿಗೆ 4, ಸಮಕ್ಕೆ 2. ನಾಲ್ಕು ಟ್ರೈ (ಎದುರಾಳಿಯ ಗೋಲು ಗೆರೆಯಾಚೆ ಚೆಂಡನ್ನು ನೆಲಕ್ಕೆ ಊರುವುದು) ಹೊಡೆದರೆ ಬೋನಸ್ 1, ಸೋತರೂ ಪಂದ್ಯದ ಅಂತರ 7 ಅಂಕ ಮೀರದಿದ್ದರೆ ಇನ್ನೊಂದು 1. ಹೀಗಾಗಿ ಸೋತ ತಂಡವೂ 2 ಅಂಕ ಒಯ್ಯಬಹುದು.

ಕೆಳದರ್ಜೆಯ ಪಂದ್ಯ ಕೆಡುವುದು ಹೆಚ್ಚಾಗಿ ಮುಂದಿನ ಸಾಲಿನ ಆಟಗಾರರ ಕೊರತೆಯಿಂದ. ಸ್ಕ್ರಮ್ ಅಂದರೆ ಎರಡೂ ತಂಡದವರು ಹೆಣೆದುಕೊಂಡು ಚೆಂಡಿಗಾಗಿ ತಳ್ಳಾಡುವ ಗುಂಪು. ಅದರ ಮುಂದಿನ ಸಾಲಿನಲ್ಲಿ ಇಬ್ಬರು ಪ್ರಾಪ್, ನಡುವೆ ಒಬ್ಬ ಹೂಕರ್. ಎದುರಾಳಿಗಳ ಭಾರ ಇವರ ಕುತ್ತಿಗೆ, ಭುಜಗಳ ಮೇಲೆ ಬೀಳುವುದರಿಂದ ತರಬೇತಿ ಇಲ್ಲದವನನ್ನು ಅಲ್ಲಿ ನಿಲ್ಲಿಸುವಂತಿಲ್ಲ. ತಂಡದಲ್ಲಿ ಬದಲಿಗಳೂ ಸೇರಿ 15 ಜನರಿದ್ದರೆ ಇಂಥವರು ಕನಿಷ್ಠ 3, 16ರಿಂದ 18 ಇದ್ದರೆ 4, 19ರಿಂದ 22ಕ್ಕೆ 5, 23 ಇದ್ದರೆ 6 ಇರಬೇಕು. ಒಬ್ಬ ಗಾಯಗೊಂಡು ಬದಲಿ ಸಿಗದಿದ್ದರೆ ರೆಫರಿ ತಳ್ಳಾಟವಿಲ್ಲದ ಸ್ಕ್ರಮ್ ಘೋಷಿಸುತ್ತಾರೆ. ಎರಡೂ ಕಡೆಯವರು ಹೆಣೆದುಕೊಂಡು ನಿಲ್ಲುತ್ತಾರೆ, ಯಾರೂ ನೂಕುವುದಿಲ್ಲ, ಚೆಂಡು ಹಾಕಿದವರಿಗೇ ಚೆಂಡು. ಬಲವಾದ ಸ್ಕ್ರಮ್ ಇಟ್ಟುಕೊಂಡು ಬಂದ ತಂಡಕ್ಕೆ ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿಲ್ಲ.

ಕ್ಲಬ್ ಋತು ಮುಗಿಯುವ ಹೊತ್ತಿಗೆ ಯೂನಿಯನ್ ತನ್ನ ಪ್ರತಿನಿಧಿ ತಂಡವನ್ನು ಆರಿಸುತ್ತದೆ. 1976ರಲ್ಲಿ ಶುರುವಾದ ರಾಷ್ಟ್ರೀಯ ಪ್ರಾಂತೀಯ ಚಾಂಪಿಯನ್‌ಶಿಪ್ ಅಂದರೆ ಎನ್‌ಪಿಸಿಯನ್ನು ಮೊದಲು ಗೆದ್ದದ್ದು ಬೇ ಆಫ್ ಪ್ಲೆಂಟಿ. 2006ರಿಂದ ಯೂನಿಯನ್‌ಗಳು ಎರಡು ಭಾಗ. ದೊಡ್ಡ 14 ಎನ್‌ಪಿಸಿಯಲ್ಲಿ, ಉಳಿದ 12 ಹಾರ್ಟ್‌ಲೆಂಡ್ ಚಾಂಪಿಯನ್‌ಶಿಪ್‌ನಲ್ಲಿ. ಎನ್‌ಪಿಸಿಯವರಿಗೆ ಋತುವಿನ ಸಂಬಳವಿದೆ. ಹಾರ್ಟ್‌ಲೆಂಡ್ ಹವ್ಯಾಸಿಗಳದು, ಬುಲ್ಲರ್, ವೆಸ್ಟ್ ಕೋಸ್ಟ್, ಈಸ್ಟ್ ಕೋಸ್ಟ್‌ನಂಥ ವಿರಳ ಜನವಸತಿಯ ಕಡೆಯದು. ಅಲ್ಲಿ ಮೇಲಿನ ನಾಲ್ವರಿಗೆ ಮೀಡ್ಸ್ ಕಪ್, ಐದರಿಂದ ಎಂಟನೆಯವರಿಗೆ ಲೋಹೋರ್ ಕಪ್. ಕ್ಲಬ್ ಹಂತದ ಜಾಣತನವೇ ಇಲ್ಲೂ. ಆದರೆ ಇವೆರಡರ ನಡುವೆ ಬಡ್ತಿಯೂ ಇಲ್ಲ, ಹಿಂಬಡ್ತಿಯೂ ಇಲ್ಲ. ಹಾರ್ಟ್‌ಲೆಂಡ್ ಗೆದ್ದವರು ಮುಂದಿನ ವರ್ಷವೂ ಹಾರ್ಟ್‌ಲೆಂಡ್‌ನಲ್ಲೇ.

ಈ ಗೋಡೆ ದಾಟಲು ಇರುವ ಕಿಂಡಿ ರ‍್ಯಾನ್‌ಫರ್ಲಿ ಶೀಲ್ಡ್. ಗವರ್ನರ್ ಆಗಿದ್ದ ಅರ್ಲ್ ಆಫ್ ರ‍್ಯಾನ್‌ಫರ್ಲಿ ಕೊಟ್ಟ ಈ ಮರದ ಫಲಕವನ್ನು ಜನ ಅಕ್ಕರೆಯಿಂದ ‘ಮರದ ದಿಮ್ಮಿ’ ಎನ್ನುತ್ತಾರೆ. ಫಲಕ ಕೈಗೆ ಬಂದಾಗ ನಡುವಿನ ಚಿತ್ರದಲ್ಲಿದ್ದದ್ದು ಸಾಕರ್. ಗೋಲಿನ ಕಂಬಗಳನ್ನು ಎತ್ತರಿಸಿ, ಚೆಂಡನ್ನು ಮೊಟ್ಟೆಯಾಕಾರ ಮಾಡಿ ರಗ್ಬಿಗೆ ಒಗ್ಗಿಸಿದರು! 1902ರಲ್ಲಿ ಆ ಋತುವಿನ ಉತ್ತಮ ಸಾಧನೆಗಾಗಿ ಆಕ್ಲೆಂಡಿಗೆ ಅದು ಆಡದೆಯೇ ಸಿಕ್ಕಿತು, 1904ರಲ್ಲಿ ವೆಲ್ಲಿಂಗ್ಟನ್ ಸವಾಲು ಹಾಕಿ ಕಿತ್ತುಕೊಂಡಿತು.

ಇದಕ್ಕೆ ಲೀಗೂ ಇಲ್ಲ, ಫೈನಲ್ಲೂ ಇಲ್ಲ. ಗದೆ ಇಟ್ಟುಕೊಂಡ ಪೈಲ್ವಾನನ ಊರಿಗೇ ಹೋಗಿ ತೊಡೆ ತಟ್ಟಬೇಕು. ಶೀಲ್ಡ್ ಇರುವ ಯೂನಿಯನ್ ಎನ್‌ಪಿಸಿಯ ಲೀಗ್ ಹಂತದಲ್ಲಿ ತವರಿನಲ್ಲಿ ಆಡುವ ಪ್ರತಿ ಪಂದ್ಯವೂ ತಾನಾಗಿಯೇ ಸವಾಲಾಗುತ್ತದೆ. ಹೊರಗೆ ಹೋಗಿ ಸೋತರೆ ಎನ್‌ಪಿಸಿ ಅಂಕ ಮಾತ್ರ ನಷ್ಟ, ಫಲಕ ಮನೆಯಲ್ಲೇ. ನಾಕೌಟ್ ಪಂದ್ಯಗಳಿಗೂ ಅದು ಪಣವಲ್ಲ. ಸಮವಾದರೆ ಇಟ್ಟುಕೊಂಡವರಿಗೇ ಉಳಿಯುತ್ತದೆ. ಋತು ಶುರುವಾಗುವ ಮುಂಚೆ ಹಾರ್ಟ್‌ಲೆಂಡ್ ಯೂನಿಯನ್‌ಗಳ ಸವಾಲನ್ನೂ ಸ್ವೀಕರಿಸುವುದು ವಾಡಿಕೆ. ರೈತರು, ಬಡಗಿಗಳು, ಮೇಷ್ಟ್ರುಗಳ ತಂಡ ಸಂಬಳದ ತಂಡದೆದುರು ಸಾಮಾನ್ಯವಾಗಿ ಹೀನಾಯವಾಗಿ ಸೋಲುತ್ತದೆ, ಆದರೂ ಊರಿಗೆ ಊರೇ ಬಸ್ಸು ಹತ್ತುತ್ತದೆ. ಅತಿ ದೀರ್ಘ ಆಳ್ವಿಕೆ ಆಕ್ಲೆಂಡಿನದು: 1985ರಿಂದ 1993ರವರೆಗೆ 61 ಸವಾಲು ಹಿಮ್ಮೆಟ್ಟಿಸಿ, ಕೊನೆಗೆ ವೈಕಾಟೊ ಕೈಗೆ ಬಿಟ್ಟುಕೊಟ್ಟಿತು.

ಆಟ 1995ರಲ್ಲಿ ವೃತ್ತಿಪರವಾದ ಮೇಲೆ ಬಂದ ಸೂಪರ್ ರಗ್ಬಿ ಲೀಗ್‌ನ ಐದು ಫ್ರಾಂಚೈಸಿಗಳು ಯೂನಿಯನ್‌ಗಳ ಮೇಲೆ ಹೊದಿಸಿದ ಇನ್ನೊಂದು ಪದರ. ಹೈಲ್ಯಾಂಡರ್ಸ್ ಸೀಮೆಯಲ್ಲಿ ಒಟಾಗೋ, ನಾರ್ತ್ ಒಟಾಗೋ, ಸೌತ್‌ಲೆಂಡ್ ಮೂರೇ. ಕ್ರುಸೇಡರ್ಸ್ ಸೀಮೆಯಲ್ಲಿ ಕ್ಯಾಂಟರ್ಬರಿ, ಟ್ಯಾಸ್ಮನ್ ಸೇರಿ ಆರು. ಫ್ರಾಂಚೈಸಿಗೆ ತನ್ನದೇ ಕ್ಲಬ್‌ಗಳಿಲ್ಲ, ಮಕ್ಕಳ ದರ್ಜೆಗಳಿಲ್ಲ. 2025ರಲ್ಲಿ ಭಾರತದಲ್ಲಿ ಶುರುವಾದ ರಗ್ಬಿ ಪ್ರೀಮಿಯರ್ ಲೀಗ್‌ನ ಬೆಂಗಳೂರು ಬ್ರೇವ್‌ಹಾರ್ಟ್ಸ್ ಕೂಡ ಇದೇ ಜಾತಿ. ಹಣ, ಟಿವಿ ಎಲ್ಲ ಮೇಲಿನ ಪದರದಲ್ಲಿದ್ದರೂ ಮತ ಇರುವುದು ಯೂನಿಯನ್‌ಗಳ ಕೈಯಲ್ಲಿ. 2024ರ ಮೇ ತಿಂಗಳಲ್ಲಿ ನ್ಯೂಜಿಲೆಂಡ್ ರಗ್ಬಿಯ ರಾಷ್ಟ್ರೀಯ ಮಂಡಳಿಯನ್ನು ಪೂರ್ತಿ ಸ್ವತಂತ್ರ ನಿರ್ದೇಶಕರಿಗೆ ಒಪ್ಪಿಸುವ ಪ್ರಸ್ತಾವವನ್ನು ಅವು ತಳ್ಳಿಹಾಕಿದವು. ಒಂಬತ್ತರಲ್ಲಿ ಮೂವರಿಗಾದರೂ ಪ್ರಾಂತೀಯ ಆಡಳಿತದ ಅನುಭವವಿರಬೇಕೆಂಬ ತಮ್ಮದೇ ಪ್ರಸ್ತಾವ ಗೆಲ್ಲಿಸಿಕೊಂಡವು.

ಆಲ್ ಬ್ಲ್ಯಾಕ್ಸ್ ಅಂದರೆ ನ್ಯೂಜಿಲೆಂಡಿನ ರಾಷ್ಟ್ರೀಯ ತಂಡದ ಪಟ್ಟಿಯಲ್ಲಿ ಪ್ರತಿ ಹೆಸರಿನ ಪಕ್ಕ ಫ್ರಾಂಚೈಸಿಯ ಜೊತೆಗೆ ಯೂನಿಯನ್ನಿನ ಹೆಸರೂ ಇರುತ್ತದೆ. 2024ರ ಪಟ್ಟಿಯ ಬ್ಯಾರೆಟ್ ಸಹೋದರರನ್ನೇ ನೋಡಿ: ಬೋಡನ್ ಬ್ಲೂಸ್, ಸ್ಕಾಟ್ ಕ್ರುಸೇಡರ್ಸ್, ಜಾರ್ಡಿ ಹರಿಕೇನ್ಸ್. ಮೂವರ ಮುಂದೆಯೂ ಯೂನಿಯನ್ ಒಂದೇ, ತಾರಾನಾಕಿ. ಆ ತಾರಾನಾಕಿ ಮಾತ್ರ 2013ರಿಂದ ಇವರಲ್ಲಿ ಒಬ್ಬರೂ ಆಡದ ಚೀಫ್ಸ್ ಸೀಮೆಯಲ್ಲಿದೆ.