ಗುರಿ ಮುಟ್ಟಿದ ಮೇಲೆ ಏನಾಯಿತು?

"ಎಲ್ಲದರಲ್ಲೂ ನಾನೇ ಮುಂದಿರಬೇಕು ಅನ್ನಿಸುತ್ತದೆಯೇ?" ಎಂದು ಕೇಳಿ ನೋಡಿ. ಪದಕ ಗೆದ್ದ ಓಟಗಾರ್ತಿಯೂ ಹೌದೆನ್ನುತ್ತಾಳೆ, ದಪ್ಪಗಾಗುವ ಭಯಕ್ಕೆ ಊಟ ಬಿಡುವ ಅನೊರೆಕ್ಸಿಯಾ ಕಾಯಿಲೆಯಿಂದ ಬಳಲಿ ಆಸ್ಪತ್ರೆ ಸೇರಿದ ಹುಡುಗಿಯೂ ಹೌದೆನ್ನುತ್ತಾಳೆ. ಪರಿಪೂರ್ಣತೆಯ ಗೀಳನ್ನು ಅಳೆಯುವ ಇಂಥ ಪ್ರಶ್ನೆಯಲ್ಲಿ ಇಬ್ಬರಿಗೂ ಒಂದೇ ಅಂಕ! ಊಟ ಬಿಡುವ, ಇಲ್ಲವೇ ಮಿತಿಮೀರಿ ತಿಂದು ವಾಂತಿ ಮಾಡಿಕೊಳ್ಳುವ ಕಾಯಿಲೆಗಳ ಜೊತೆ ಪರಿಪೂರ್ಣತೆಯ ಗೀಳು ಅಂಟಿಕೊಂಡಿರುವುದನ್ನು ವೈದ್ಯರು ಬಹಳ ಹಿಂದೆಯೇ ಗಮನಿಸಿದ್ದರು. ತೊಡಕಿದ್ದದ್ದು ಅದನ್ನು ಅಳೆಯುವುದರಲ್ಲಿ.

1983ರಲ್ಲಿ ಮನೋವಿಜ್ಞಾನಿ ಡೇವಿಡ್ ಗಾರ್ನರ್ ಮತ್ತು ಸಂಗಡಿಗರು ಈ ಕಾಯಿಲೆಗಳಿಗೆಂದೇ 64 ಪ್ರಶ್ನೆಗಳ ಪಟ್ಟಿಯೊಂದನ್ನು ರೂಪಿಸಿದರು. ಪರಿಪೂರ್ಣತೆಯ ಪಾಲಿಗೆ ಬಂದದ್ದು ಆರೇ ಪ್ರಶ್ನೆ. ಅದರಲ್ಲೂ ಕೆಲವು ತನ್ನದೇ ಹಟದ ಬಗ್ಗೆ, ಕೆಲವು ಅಪ್ಪ ಅಮ್ಮನ ನಿರೀಕ್ಷೆಯ ಬಗ್ಗೆ. 98 ಅಂಕ ತಂದ ಮಗುವನ್ನು "ಇನ್ನೆರಡು ಎಲ್ಲಿ ಹೋಯ್ತು?" ಎಂದು ಕೇಳುವ ಮನೆಗಳನ್ನು ಕಂಡ ನಮಗೆ, ಇವೆರಡೂ ಬೇರೆ ಬೇರೆ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. 1990ರಲ್ಲಿ ಮನೋವಿಜ್ಞಾನಿ ರ‍್ಯಾಂಡಿ ಫ್ರಾಸ್ಟ್ ತಂಡದ 35 ಪ್ರಶ್ನೆಗಳು, 1991ರಲ್ಲಿ ಮನೋವಿಜ್ಞಾನಿಗಳಾದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್‌ರ 45 ಪ್ರಶ್ನೆಗಳು ಈ ಎಳೆಗಳನ್ನು ಬಿಡಿಸಿಟ್ಟವು.

ಆದರೂ ಓಟಗಾರ್ತಿಯ ಒಗಟು ಉಳಿದೇ ಇತ್ತು. 2002ರಲ್ಲಿ ಸಂಶೋಧಕರಾದ ರಾಝ್ ಶಾಫ್ರನ್, ಝಾಫ್ರಾ ಕೂಪರ್, ಕ್ರಿಸ್ಟೊಫರ್ ಫೇರ್‌ಬರ್ನ್ ಅದನ್ನು ಬೇರೆ ಕಡೆಯಿಂದ ನೋಡಿದರು. ಗುರಿ ಎಷ್ಟು ಎತ್ತರದ್ದು ಎಂಬುದಲ್ಲ, ತನ್ನ ಬೆಲೆಯನ್ನೆಲ್ಲ ಆ ಗುರಿಗೇ ಕಟ್ಟಿಹಾಕಿ, ಮೈಮನಸ್ಸು ಹಾಳಾಗುತ್ತಿದ್ದರೂ ಬಿಡದಿರುವುದೇ ರೋಗ ಎಂದರು. ಗುರಿ ತಪ್ಪಿದರೆ "ನಾನು ಕೆಲಸಕ್ಕೆ ಬಾರದವಳು". ಮುಟ್ಟಿದರೋ, "ಇದು ತೀರಾ ಸುಲಭದ್ದಿತ್ತು" ಎಂದು ಗುರಿಯನ್ನೇ ಇನ್ನಷ್ಟು ಮೇಲಕ್ಕೇರಿಸುವುದು. ಸೋತರೂ ಸೋಲು, ಗೆದ್ದರೂ ಸೋಲು. ಓಟಗಾರ್ತಿ ಪದಕ ಗೆದ್ದ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದಳೇ? ನನ್ನ ಮಟ್ಟಿಗೆ ವ್ಯತ್ಯಾಸ ಇರುವುದು ಅಲ್ಲೇ.

ಈ ವಿಚಾರದಿಂದ ಹುಟ್ಟಿದ್ದು 12 ಪ್ರಶ್ನೆಗಳ ಪುಟ್ಟ ಪ್ರಶ್ನಾವಳಿ. ಕೇಳುವುದು ಕಳೆದ ಒಂದು ತಿಂಗಳ ಬಗ್ಗೆ ಮಾತ್ರ: ಸುಲಭವೆನಿಸಿ ಗುರಿಯನ್ನು ಏರಿಸಿದಿರಾ, ಸೋತೇನೆಂಬ ಭಯಕ್ಕೆ ಪರೀಕ್ಷೆಯನ್ನೇ ತಪ್ಪಿಸಿಕೊಂಡಿರಾ, ಇತರರೊಂದಿಗೆ ಹೋಲಿಸಿ ಮತ್ತೆ ಮತ್ತೆ ನೋಡಿಕೊಂಡಿರಾ. ಹುಟ್ಟುಗುಣ ಎಂದು ಕೈಚೆಲ್ಲುವ ಬದಲು, ಚಿಕಿತ್ಸೆಯಿಂದ ಈ ತಿಂಗಳು ಏನಾದರೂ ಬದಲಾಯಿತೇ ಎಂದು ನೋಡಲು ಅನುಕೂಲ. ಶಾಫ್ರನ್ ತಂಡದ ಈ ವಿಚಾರವನ್ನು ಹೆವಿಟ್ ಮತ್ತು ಫ್ಲೆಟ್ ಒಪ್ಪಲಿಲ್ಲ. ಪರಿಪೂರ್ಣತೆಗೆ ಹಲವು ಮುಖ, ಇತರರ ಒತ್ತಡವನ್ನು ಬಿಟ್ಟರೆ ಹೇಗೆ ಎಂದು ವಾದಿಸಿದರು. ಅವರ ಮಾತನ್ನೂ ತಳ್ಳಿಹಾಕುವಂತಿಲ್ಲ.

ಪ್ರಶ್ನಾವಳಿಯ ಆರಂಭದಲ್ಲೇ ಒಂದು ಸೂಚನೆಯಿದೆ: ಊಟ, ತೂಕ, ರೂಪದ ವಿಷಯದ ಗುರಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಅವನ್ನೂ ಸೇರಿಸಿದರೆ ಕಾಯಿಲೆಯ ಲಕ್ಷಣವನ್ನೇ ಎರಡು ಸಲ ಎಣಿಸಿದಂತಾಗುತ್ತದೆ, ನಿಜ. ಆದರೆ ಉಳಿದೆಲ್ಲ ಆಸೆಗಳನ್ನೂ ಬಿಟ್ಟು ತೂಕದ ಮುಳ್ಳಿನ ಮೇಲಷ್ಟೇ ಕಣ್ಣು ನೆಟ್ಟವಳ ಅಂಕ ಆಗ ಕಡಿಮೆಯೇ ಬಂದೀತು.

ಹಸಿವೂ ಲೆಕ್ಕ ತಪ್ಪಿಸುತ್ತದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ 36 ಆರೋಗ್ಯವಂತ ಗಂಡಸರು ಸ್ವಯಂಪ್ರೇರಿತರಾಗಿ ಅರೆಹೊಟ್ಟೆಯಲ್ಲಿದ್ದರು. ಆಹಾರದ ಯೋಚನೆ ಅವರ ತಲೆಯನ್ನೆಲ್ಲ ಆವರಿಸಿತು, ಕೆಲವರಂತೂ ಅಡುಗೆ ಪುಸ್ತಕ ಕೂಡಿಡತೊಡಗಿದರು. ಹಾಗಾದರೆ ಸೊರಗಿದ ರೋಗಿಯಲ್ಲಿ ಅಳೆದದ್ದು ಅವಳ ಗುಣವೋ, ಹಸಿವಿನ ಆಟವೋ? 1995ರಲ್ಲಿ ಅಮೆರಿಕದ ಸಂಶೋಧಕರು ಅನೊರೆಕ್ಸಿಯಾದಿಂದ ಗುಣವಾಗಿ ಬಹುಕಾಲ ಕಳೆದಿದ್ದ ಹೆಂಗಸರನ್ನು ಪರೀಕ್ಷಿಸಿದರು. ತೂಕ ಮರಳಿತ್ತು. ಎಲ್ಲವೂ ಸರಿಸಮನಾಗಿ, ಕರಾರುವಾಕ್ಕಾಗಿ ಇರಬೇಕೆಂಬ ಹಂಬಲ ಮಾತ್ರ ಇತರರಿಗಿಂತ ಆಗಲೂ ಹೆಚ್ಚಾಗಿಯೇ ಇತ್ತು.