ಪ್ಲೇಟ್ ನಿಜವಾಗ್ಲೂ ಹೋಗಿದೆಯಾ? ಮಿನಿ ಟ್ರ್ಯಾಕ್ಟರ್ ಬಿಚ್ಚಿಸೋ ಮೊದಲು ಕ್ಲಚ್ ಪರೀಕ್ಷೆ

ಪ್ರಶ್ನೆ: ನಮ್ಮದು ಅಡಿಕೆ ತೋಟದಲ್ಲಿ ಓಡಾಡುವ ಮಿನಿ ಟ್ರ್ಯಾಕ್ಟರ್. ಕ್ಲಚ್ ಪೂರ್ತಿ ತುಳಿದರೂ ಗೇರ್ ಹಾಕುವಾಗ ಕರ್ರ್ ಅನ್ನುತ್ತದೆ. ಮೆಕ್ಯಾನಿಕ್ ಕೇಳಿದರೆ ಪ್ಲೇಟ್ ಹೋಗಿದೆ, ಬಿಚ್ಚಬೇಕು ಅಂತಾರೆ. ಬಿಚ್ಚದೇ ಗೊತ್ತಾಗಲ್ವಾ?

ಉತ್ತರ: ಮುಕ್ಕಾಲು ಪಾಲು ಗೊತ್ತಾಗುತ್ತದೆ. ಮೊದಲಿಗೆ ಒಂದು ವಿಷಯ. ಬರೀ ಕರ್ರ್ ಅನ್ನೋದು ಪ್ಲೇಟ್ ಸವೆದಿರುವ ಲಕ್ಷಣ ಅಲ್ಲ. ಸವೆದ ಪ್ಲೇಟ್ ಜಾರುತ್ತದೆ. ಇಂಜಿನ್ ರೇಸ್ ಆಗುತ್ತದೆ, ಗಾಡಿ ಮಾತ್ರ ಮುಂದೆ ಹೋಗಲ್ಲ. ನಿಮ್ಮದು ಅದರ ಉಲ್ಟಾ. ನಿಮ್ಮ ಕ್ಲಚ್ ಹಿಡಿಯುತ್ತಿದೆ, ಆದರೆ ಬಿಡಬೇಕಾದಾಗ ಪೂರ್ತಿ ಬಿಡುತ್ತಿಲ್ಲ. ಹಿಡಿಯದೇ ಇರೋದು ಒಂದು ಕಾಯಿಲೆ, ಬಿಡದೇ ಇರೋದು ಇನ್ನೊಂದು ಕಾಯಿಲೆ. ಊರಲ್ಲಿ ಎರಡಕ್ಕೂ ಒಂದೇ ಹೆಸರು, "ಕ್ಲಚ್ ಹೋಗಿದೆ". ದುಡ್ಡು ಕಳೆದುಕೊಳ್ಳೋದು ಇಲ್ಲೇ.

ಒಳಗೆ ಏನಿದೆ ಅಂತ ಸ್ವಲ್ಪ ನೋಡೋಣ. ಎರಡು ಅಂಗೈ ನಡುವೆ ಒಂದು ತಟ್ಟೆ ಒತ್ತಿ ಹಿಡಿದಿದ್ದೀರಿ ಅಂದುಕೊಳ್ಳಿ. ಒಂದು ಅಂಗೈ ಇಂಜಿನ್ನಿನ ಫ್ಲೈವೀಲ್, ಇನ್ನೊಂದು ಪ್ರೆಶರ್ ಪ್ಲೇಟ್, ನಡುವಿನ ತಟ್ಟೆಯೇ ಕ್ಲಚ್ ಪ್ಲೇಟ್. ಸ್ಪ್ರಿಂಗ್ ಬಲಕ್ಕೆ ಮೂರೂ ಒಟ್ಟಿಗೆ ತಿರುಗುತ್ತವೆ. ನೀವು ಪೆಡಲ್ ತುಳಿದಾಗ ರಾಡು ಫೋರ್ಕನ್ನು ಎಳೆಯುತ್ತದೆ, ಫೋರ್ಕು ರಿಲೀಸ್ ಬೇರಿಂಗನ್ನು ತಳ್ಳುತ್ತದೆ, ಬೇರಿಂಗ್ ಹೋಗಿ ಪ್ರೆಶರ್ ಪ್ಲೇಟಿನ ಫಿಂಗರ್‌ಗಳನ್ನು, ಅಂದರೆ ಬೆರಳಿನಂಥ ಸಣ್ಣ ಲಿವರ್‌ಗಳನ್ನು, ಒತ್ತುತ್ತದೆ, ಆಗ ಅಂಗೈ ಒಂದು ಕೂದಲೆಳೆ ಅಗಲ ಆಗಿ ತಟ್ಟೆ ಸಡಿಲವಾಗುತ್ತದೆ. ಅಷ್ಟೇ, ಕೂದಲೆಳೆಯಷ್ಟು ಜಾಗ. ಹಾಗಾಗಿ ಪೆಡಲಿನಿಂದ ಬೇರಿಂಗ್‌ವರೆಗಿನ ದಾರಿಯಲ್ಲಿ ಎಲ್ಲೇ ಸ್ವಲ್ಪ ಲೂಸ್ ಆದರೂ ಆ ಜಾಗ ಸಿಗಲ್ಲ. ಗೇರ್ ಕರ್ರ್ ಅನ್ನುತ್ತದೆ.

ಅದಕ್ಕೇ ಪಾನಾ ಹಿಡಿಯೋಕೆ ಮೊದಲು ಒಂದು ಸ್ಕೇಲ್ ಹಿಡಿಯಿರಿ. ಇಂಜಿನ್ ಆಫ್, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಪೆಡಲನ್ನು ಕಾಲಲ್ಲಿ ಅಲ್ಲ, ಕೈಯಲ್ಲಿ ಒತ್ತಿ. ಮೊದಲು ಸ್ವಲ್ಪ ದೂರ ಸಲೀಸಾಗಿ ಹೋಗುತ್ತದೆ, ಆಮೇಲೆ ಗಟ್ಟಿ ಸಿಗುತ್ತದೆ. ಆ ಸಲೀಸು ದೂರವೇ ಫ್ರೀ ಪ್ಲೇ. ಎಷ್ಟಿರಬೇಕು ಅನ್ನೋದು ನಿಮ್ಮ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಬಹಳಷ್ಟಕ್ಕೆ 20ರಿಂದ 30 ಮಿಲಿಮೀಟರ್, ಹೆಚ್ಚುಕಮ್ಮಿ ಒಂದು ಇಂಚು.

ಈಗ ಗಮನಿಸಿ, ಇದು ತುಂಬಾ ಜನ ಉಲ್ಟಾ ತಿಳಿದುಕೊಂಡಿರುವ ವಿಷಯ. ಪ್ಲೇಟ್ ಸವೆದಂತೆ ಫ್ರೀ ಪ್ಲೇ ಜಾಸ್ತಿ ಆಗಲ್ಲ, ಕಡಿಮೆ ಆಗುತ್ತದೆ. ತಟ್ಟೆ ತೆಳುವಾದರೆ ಪ್ರೆಶರ್ ಪ್ಲೇಟ್ ಮುಂದೆ ಹೋಗುತ್ತದೆ, ಅದರ ಫಿಂಗರ್‌ಗಳು ಹಿಂದೆ ಬೇರಿಂಗ್ ಕಡೆಗೆ ಬರುತ್ತವೆ. ಹಾಗಾಗಿ ನಿಮ್ಮ ಅಳತೆಯಲ್ಲಿ ಎರಡು ಇಂಚು ಪ್ಲೇ ಸಿಕ್ಕರೆ ಅದು ಪ್ಲೇಟ್ ಸವೆತದ ಕೆಲಸ ಅಲ್ಲ. ರಾಡು, ಪಿನ್ನು, ಅಡ್ಜಸ್ಟ್‌ಮೆಂಟ್, ಈ ಮೂರರಲ್ಲಿ ಒಂದು. ಪ್ಲೇ ಸೊನ್ನೆ ಆಗಿದ್ದರೆ ಮಾತ್ರ ಪ್ಲೇಟ್ ಮೇಲೆ ಅನುಮಾನ ಪಡಬಹುದು. ಆಗಲೂ ಮೊದಲು ಸರಿಯಾದ ಅಳತೆಗೆ ಸೆಟ್ ಮಾಡಿ ನೋಡಬೇಕು.

ನಾನೇ ಇದರಲ್ಲಿ ಬಿದ್ದಿದ್ದೇನೆ. ನಮ್ಮ ಗಾಡಿಯೂ ಹೀಗೇ ಕರ್ರ್ ಅನ್ನೋಕೆ ಶುರು ಮಾಡಿತ್ತು. ಪೇಟೆಯ ಒಂದು ಗ್ಯಾರೇಜಿಗೆ ಬಿಟ್ಟೆ, ಅವರು ಎರಡು ದಿನ ತಗೊಂಡು ಗಾಡಿಯನ್ನು ನಡುವೆ ಎರಡು ಭಾಗ ಮಾಡಿ ಹೊಸ ಪ್ಲೇಟ್ ಹಾಕಿದರು. ಮನೆಗೆ ತಂದು ರಿವರ್ಸ್ ಹಾಕಿದರೆ ಅದೇ ಕರ್ರ್. ಕೊನೆಗೆ ಪಕ್ಕದ ತೋಟದ ಯಜಮಾನರೊಬ್ಬರು ಬಂದು, "ನೀನು ತುಳಿ, ನಾನು ಕೆಳಗೆ ನೋಡ್ತೀನಿ" ಅಂದರು. ಪೆಡಲ್ ಅರ್ಧ ಬಂದರೂ ಕ್ಲಚ್ ಹೌಸಿಂಗ್ ಪಕ್ಕದ, ಒಳಗಿನ ಫೋರ್ಕನ್ನು ತಿರುಗಿಸುವ ಲಿವರ್ ಅಲುಗಾಡಿರಲಿಲ್ಲ. ರಾಡಿನ ತುದಿಯ ಪಿನ್ ಸವೆದು ನಡುವೆ ಸೊಂಟ ಬಂದಿತ್ತು, ಅದು ಕೂರುವ ತೂತು ಗುಂಡಗಿರುವ ಬದಲು ಹುಣಸೆಬೀಜದ ಹಾಗೆ ಉದ್ದಕ್ಕೆ ಆಗಿತ್ತು. ಒಂದು ಪಿನ್ನು, ಸ್ವಲ್ಪ ವೆಲ್ಡಿಂಗ್. ಆ ಹಳೇ ಪ್ಲೇಟ್ ಇನ್ನೂ ಪಂಪ್‌ಹೌಸ್ ಗೋಡೆಯ ಮೊಳೆಗೆ ತೂಗಾಡುತ್ತಿದೆ. ರಿವೆಟ್ ಮೇಲೆ ಲೈನಿಂಗ್, ಅಂದರೆ ಹಿಡಿಯುವಾಗ ಸವೆಯುವ ಪದರ, ಚೆನ್ನಾಗೇ ಇದೆ.

ಹಾಗಾಗಿ ನೀವೂ ಮನೆಯಲ್ಲಿ ಒಬ್ಬರನ್ನು ಪೆಡಲ್ ಮೇಲೆ ಕೂರಿಸಿ, ಇಂಜಿನ್ ಆಫ್ ಇರುವಾಗಲೇ, ಪಕ್ಕದಿಂದ ನೋಡಿ. ಪೆಡಲ್ ಚಲಿಸಿದಾಗ ಲಿವರ್ ತಕ್ಷಣ ಬರುತ್ತಿದೆಯಾ? ಪಿನ್ನಿನ ಹತ್ತಿರ ಟಕ್ ಅಂತ ಆಟ ಇದೆಯಾ? ಪೆಡಲ್ ಶಾಫ್ಟು ಗ್ರೀಸ್ ಇಲ್ಲದೆ ಒಣಗಿ ಅಂಟಿಕೊಂಡಿದೆಯಾ? ಇದೆಲ್ಲ ಸರಿ ಇದ್ದು ಬರೀ ಅಳತೆ ತಪ್ಪಿದ್ದರೆ ಲಾಕ್ ನಟ್ ಸಡಿಲಿಸಿ ರಾಡನ್ನು ಒಂದೊಂದೇ ಸುತ್ತು ತಿರುಗಿಸಿ, ಮತ್ತೆ ಅಳತೆ ನೋಡಿ, ಮತ್ತೆ ಲಾಕ್ ಮಾಡಿ. ಕರ್ರ್ ಹೋಗಲಿ ಅಂತ ಪ್ಲೇ ಪೂರ್ತಿ ತೆಗೆದುಬಿಡಬೇಡಿ. ಬೇರಿಂಗ್ ಸದಾ ಫಿಂಗರ್‌ಗೆ ತಾಗಿಕೊಂಡೇ ತಿರುಗಿ ಸುಡುತ್ತದೆ, ಆಮೇಲೆ ಪ್ಲೇಟೂ ಜಾರೋಕೆ ಶುರು. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸೋರ ಗಾಡಿಗೂ ಇದೇ ಗತಿ.

ಅಳತೆ ಸರಿ ಇದ್ದೂ ಕರ್ರ್ ಅಂದರೆ ಒಂದು ಸುಲಭ ಪರೀಕ್ಷೆ. ಇಂಜಿನ್ ಸ್ಲೋದಲ್ಲಿ ಇಟ್ಟು, ಕ್ಲಚ್ ಪೂರ್ತಿ ತುಳಿದು, ಮನಸ್ಸಲ್ಲೇ ಐದು ಎಣಿಸಿ, ಆಮೇಲೆ ಗೇರ್ ಹಾಕಿ. ತುಳಿದ ಕೂಡಲೇ ಪ್ಲೇಟ್ ನಿಲ್ಲಲ್ಲ, ತಿರುಗುವ ವೇಗ ಇಳಿಯೋಕೆ ಸ್ವಲ್ಪ ಹೊತ್ತು ಬೇಕು. ಐದು ಎಣಿಸಿದ ಮೇಲೆ ಸಲೀಸಾಗಿ ಬಿದ್ದರೆ ಕ್ಲಚ್ ಸರಿ ಇದೆ, ಅವಸರ ನಿಮ್ಮದು. ಎಷ್ಟೋ ಮಿನಿ ಟ್ರ್ಯಾಕ್ಟರ್ ಗೇರ್‌ಬಾಕ್ಸ್‌ನಲ್ಲಿ ಕಾರಿನ ಹಾಗೆ ಓಡುವಾಗಲೇ ಗೇರ್ ಸಲೀಸಾಗಿ ಬೀಳಿಸುವ ಸಿಂಕ್ರೋ ಇರಲ್ಲ, ನಿಂತೇ ಗೇರ್ ಬದಲಿಸಬೇಕು. ಬೈಕು ಓಡಿಸಿದ ಹುಡುಗರು ಓಡುವಾಗಲೇ ಗೇರ್ ತುರುಕಿದರೆ ಅದು ಕಿರುಚದೆ ಇನ್ನೇನು ಮಾಡುತ್ತೆ?

ಮಳೆಗಾಲ ಕಳೆದು ಗಾಡಿ ಶೆಡ್ಡಿನಿಂದ ಈಚೆ ತೆಗೆದ ದಿನವೇ ತೊಂದರೆ ಶುರುವಾಗಿದ್ದರೆ ಕಥೆ ಬೇರೆ. ಎರಡು ಮೂರು ತಿಂಗಳು ತೇವದಲ್ಲಿ ನಿಂತ ಗಾಡಿಯಲ್ಲಿ ಪ್ಲೇಟ್ ಫ್ಲೈವೀಲಿಗೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಪೆಡಲ್ ಎಂದಿನಂತೆಯೇ ಇರುತ್ತದೆ, ಆದರೆ ಗೇರ್ ಬೀಳೋದೇ ಇಲ್ಲ, ಗೇರಲ್ಲಿ ಸೆಲ್ಫ್ ಹೊಡೆದರೆ ಕ್ಲಚ್ ತುಳಿದಿದ್ದರೂ ಗಾಡಿ ನೆಗೆಯುತ್ತದೆ. ಇದಕ್ಕೆ ಗಾಡಿ ಬಿಚ್ಚೋ ಮೊದಲು ಅನುಭವ ಇರೋರು ಹೀಗೆ ಮಾಡುತ್ತಾರೆ. ಹಿಂದೆ ಏನೂ ಕಟ್ಟದೆ, ಮುಂದೆ ಯಾರೂ ಇಲ್ಲದ ಬಯಲಲ್ಲಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಕಾಲು ಗಂಟೆ ಬಿಸಿ ಮಾಡಿ ನಿಲ್ಲಿಸಿ, ಎರಡೂ ಬ್ರೇಕ್ ಪೆಡಲ್ ಒಟ್ಟಿಗೆ ಲಾಕ್ ಮಾಡಿ, ಮಧ್ಯದ ಗೇರ್ ಹಾಕಿ, ಕ್ಲಚ್ ತುಳಿದುಕೊಂಡೇ ಸ್ಟಾರ್ಟ್ ಮಾಡುತ್ತಾರೆ. ಗಾಡಿ ಹೊರಡುತ್ತದೆ. ಕ್ಲಚ್ ಬಿಡದೆ ಆಕ್ಸಿಲರೇಟರ್ ಒಮ್ಮೆ ಕೊಟ್ಟು, ತೆಗೆದು, ಬ್ರೇಕ್ ಜೋರಾಗಿ ಒತ್ತುತ್ತಾರೆ. ಆ ಜರ್ಕಿಗೆ ಹೆಚ್ಚಿನ ಸಲ ಬಿಟ್ಟುಕೊಳ್ಳುತ್ತದೆ. ಕೈ ಸ್ಟಾಪ್ ನಾಬ್ ಮೇಲೇ ಇರಬೇಕು. ಧೈರ್ಯ ಇಲ್ಲದಿದ್ದರೆ ಬೇಡ. ಮತ್ತೆ ತೋಟದ ಸಾಲಿನೊಳಗೆ, 9 ಅಡಿ ಅಂತರದ ಅಡಿಕೆ ಮರಗಳ ನಡುವೆ, ಖಂಡಿತ ಬೇಡ.

ಮುಂದಿನ ಮಳೆಗಾಲಕ್ಕೆ ಪೆಡಲ್ ಒತ್ತಿ ಹಿಡಿದಿಡಿ. ಕೆಲವು ಗಾಡಿಗೆ ಇದಕ್ಕೇ ಒಂದು ಕೊಕ್ಕೆ ಕೊಟ್ಟಿರುತ್ತಾರೆ, ಜನ ಅದನ್ನು ನೋಡೇ ಇರಲ್ಲ. ಇಲ್ಲದಿದ್ದರೆ ಒಂದು ಮರದ ತುಂಡು ಕೊಟ್ಟು ನಿಲ್ಲಿಸಿದರೂ ಆಯ್ತು.

ಇನ್ನು ಜಾರುವ ಕಾಯಿಲೆ. ಇದನ್ನು ಹಿಡಿಯೋದು ಸುಲಭ. ಸಮತಟ್ಟು ಜಾಗದಲ್ಲಿ ಬ್ರೇಕ್ ಹಿಡಿದು, ಟಾಪ್ ಗೇರ್ ಹಾಕಿ, ಇಂಜಿನ್ ಸ್ವಲ್ಪ ಏರಿಸಿ ಕ್ಲಚ್ ಬಿಡಿ. ಇಂಜಿನ್ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಜಾರುತ್ತಿದೆ. ಎರಡು ಸೆಕೆಂಡಿಗಿಂತ ಜಾಸ್ತಿ ಬೇಡ, ಒಂದೇ ಸಲ ಸಾಕು, ಪದೇ ಪದೇ ಮಾಡಿದರೆ ಇರೋ ಪ್ಲೇಟನ್ನೂ ಸುಡುತ್ತೀರಿ. ಜಾರುತ್ತಿದ್ದು ಫ್ರೀ ಪ್ಲೇ ಸರಿ ಇದ್ದರೆ ಆಯಿಲ್ ನೋಡಿ. ಎಷ್ಟೋ ಗಾಡಿಯಲ್ಲಿ ಕ್ಲಚ್ ಹೌಸಿಂಗ್ ತಳದಲ್ಲಿ ಒಂದು ಸಣ್ಣ ತೂತು, ಅದರಲ್ಲಿ ಸ್ಪ್ಲಿಟ್ ಪಿನ್ ತೂಗಾಡುತ್ತಿರುತ್ತದೆ. ಅದರ ತುದಿಗೆ ಬೆರಳು ಮುಟ್ಟಿಸಿ. ಕಪ್ಪಗೆ ತೆಳ್ಳಗೆ ಬಂದರೆ ಇಂಜಿನ್ ಹಿಂದಿನ ಆಯಿಲ್ ಸೀಲ್. ಹಳದಿಯಾಗಿ ಅಂಟಂಟು ಇದ್ದರೆ ಗೇರ್‌ಬಾಕ್ಸ್ ಕಡೆಯ ಸೀಲ್. ಸೀಲ್ ಬದಲಿಸದೆ ಬರೀ ಪ್ಲೇಟ್ ಹಾಕಿಸಿದರೆ ಹೊಸದೂ ಎಣ್ಣೆ ಕುಡಿಯುತ್ತದೆ. ಕೆಸರು ಗದ್ದೆಗೆ ಇಳಿಯೋರು ಇನ್ನೊಂದು ನೆನಪಿಡಿ: ಕೆಲವು ಗಾಡಿಗೆ ಈ ತೂತಿಗೆ ಪ್ಲಗ್ ಕೊಟ್ಟಿರುತ್ತಾರೆ, ಗದ್ದೆಗೆ ಹೋಗುವಾಗ ಹಾಕಿ, ಬಂದ ಮೇಲೆ ತೆಗೆಯಬೇಕು.

ಸದ್ದು ಇದ್ದರೆ ಕಿವಿಯೇ ಮೀಟರ್. ನ್ಯೂಟ್ರಲ್‌ನಲ್ಲಿ ಪೆಡಲ್ ಸ್ವಲ್ಪ ಮುಟ್ಟಿದಾಗಲೇ ಕೀಚ್ ಶುರುವಾದರೆ ರಿಲೀಸ್ ಬೇರಿಂಗ್. ಪೆಡಲ್ ಬಿಟ್ಟಾಗ ಇದ್ದ ಸದ್ದು ತುಳಿದಾಗ ನಿಂತರೆ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಬೇರಿಂಗ್. ಪೂರ್ತಿ ತುಳಿದು ಗೇರಲ್ಲಿ ನಿಂತಾಗ ಮಾತ್ರ ಬಂದರೆ ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗ್ ಇರಬಹುದು. ಅದು ಜಾಮ್ ಆದರೂ ಕರ್ರ್ ಬರುತ್ತದೆ, ಆಗ ಬಿಚ್ಚದೆ ದಾರಿ ಇಲ್ಲ.

ಇನ್ನೊಂದು ಮೋಸ ಇದೆ, ಕ್ಲಚ್‌ದಲ್ಲದ ತಪ್ಪಿಗೆ ಕ್ಲಚ್ ಬೈಸಿಕೊಳ್ಳೋದು. ಒಂದೇ ಕ್ಲಚ್ ಇರುವ ಸಣ್ಣ ಗಾಡಿಗೆ ಹುಲ್ಲು ಹೊಡೆಯುವ ಸ್ಲ್ಯಾಷರ್ ಕಟ್ಟಿದ್ದೀರಿ. ಕ್ಲಚ್ ತುಳಿದರೂ ಗಾಡಿ ಮುಂದೆ ತಳ್ಳಿಕೊಂಡೇ ಹೋಗುತ್ತದೆ. ಭಾರದ ಬ್ಲೇಡ್ ಇನ್ನೂ ತಿರುಗುತ್ತಿದೆ, ಪಿಟಿಒ ಶಾಫ್ಟ್ (ಹಿಂದೆ ಕಟ್ಟಿದ ಯಂತ್ರವನ್ನು ತಿರುಗಿಸುವ ಶಾಫ್ಟ್) ಮೂಲಕ ಅದೇ ಚಕ್ರವನ್ನು ತಿರುಗಿಸುತ್ತಿದೆ. ಇದಕ್ಕೆ ಪಿಟಿಒ ತುದಿಗೆ ಓವರ್‌ರನ್ನಿಂಗ್ ಕಪ್ಲಿಂಗ್, ಅಂದರೆ ಗಾಡಿಯಿಂದ ಬ್ಲೇಡಿಗೆ ಮಾತ್ರ ಬಲ ದಾಟಿಸಿ ಹಿಂದಕ್ಕೆ ದಾಟಿಸದ ಜೋಡಣೆ, ಹಾಕಬೇಕು, ಪ್ಲೇಟ್ ಅಲ್ಲ. ಡ್ಯುಯಲ್ ಕ್ಲಚ್ ಗಾಡಿಯಲ್ಲಿ ಅರ್ಧ ತುಳಿತಕ್ಕೆ ಚಕ್ರ, ಪೂರ್ತಿ ತುಳಿತಕ್ಕೆ ಪಿಟಿಒ ನಿಲ್ಲಬೇಕು. ಗೇರ್ ಸಲೀಸಾಗಿ ಬಿದ್ದು ಪಿಟಿಒ ಮಾತ್ರ ಕರ್ರ್ ಅಂದರೆ ಎರಡನೇ ಹಂತದ ಸೆಟ್ಟಿಂಗ್ ನೋಡಿಸಿ.

ಇಷ್ಟೆಲ್ಲ ನೋಡಿಯೂ ಬಿಚ್ಚಲೇಬೇಕು ಅಂತಾದರೆ ಕಂಜೂಸ್‌ತನ ಬೇಡ. ಕೂಲಿಯೇ ದೊಡ್ಡದು. ಒಮ್ಮೆ ಬಿಚ್ಚಿದ ಮೇಲೆ ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಎರಡೂ ಸೀಲ್ ಒಟ್ಟಿಗೆ ಬದಲಿಸಿಬಿಡಿ. ಧೂಳನ್ನು ಗಾಳಿ ಹೊಡೆದು ಹಾರಿಸೋಕೆ ಬಿಡಬೇಡಿ, ಹಳೇ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಲಿ. ಮತ್ತೆ ಬಿಚ್ಚುವಾಗ ನೀವು ಅಲ್ಲೇ ನಿಂತಿರಿ, ಹಳೇ ಪ್ಲೇಟ್ ಕೈಗೆ ಇಸ್ಕೊಳ್ಳಿ. ರಿವೆಟ್ ತಲೆ ಲೈನಿಂಗ್ ಮಟ್ಟಕ್ಕೆ ಬಂದಿದ್ದರೆ ಮೆಕ್ಯಾನಿಕ್ ಹೇಳಿದ್ದು ಸರಿ. ಗಾಜಿನ ಹಾಗೆ ಹೊಳೆಯುತ್ತಿದ್ದರೆ ಯಾರೋ ಹಾಫ್ ಕ್ಲಚ್‌ನಲ್ಲೇ ಓಡಿಸಿದ್ದಾರೆ. ರಿವೆಟ್ ಆಳದಲ್ಲಿದ್ದು, ಎಣ್ಣೆ ಇಲ್ಲದೆ, ಒಣಗಿ ನೆಟ್ಟಗಿದ್ದರೆ, ಆ ಪ್ಲೇಟ್ ಬ್ಯಾಗಿಗೆ ಹಾಕಿಕೊಂಡು ರಾಡಿನ ಪಿನ್ ಎಲ್ಲಿ ಅಂತ ಕೇಳಿ.