ಮಂಜರಾಬಾದ್ ಯಾಕೆ ಊರಾಗಲಿಲ್ಲ?

ಡ್ರೋನ್ ಫೋಟೊ ನೋಡಿಕೊಂಡು ಸಕಲೇಶಪುರಕ್ಕೆ ಬಂದವರು, ಸುಮಾರು 250 ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಮಂಜರಾಬಾದ್ ಕೋಟೆ ಒಳಗೆ ನಿಂತು ಕೇಳುವ ಮೊದಲ ಪ್ರಶ್ನೆ, "ಸ್ಟಾರ್ ಎಲ್ಲಿ ಸಾರ್?" ಕೋಟೆ ನಕ್ಷತ್ರದ ಆಕಾರದ್ದು, ಆದರೆ ಒಳಗೆ ನಿಂತರೆ ಅದು ಕಾಣುವುದಿಲ್ಲ. ವಾಪಸ್ ಬಾಗಿಲ ಹತ್ತಿರ ಕರೆದುಕೊಂಡು ಹೋಗಿ ತಲೆ ಎತ್ತಿ ನೋಡಿ ಅನ್ನುತ್ತೇನೆ. ಚಾವಣಿಯಲ್ಲೇ ಇಡೀ ಕೋಟೆಯ ನಕ್ಷೆ ಇದೆ. ಡ್ರೋನ್ ಇಲ್ಲದ ಕಾಲದವರು ಮಾಡಿಟ್ಟ ಡ್ರೋನ್ ಫೋಟೊ ಅದು.

ನಾನು ಹಾಸನದಲ್ಲಿ ಹಳೇ ಕಟ್ಟಡಗಳ ರಿಪೇರಿ ಮಾಡಿಸುವ ಸಿವಿಲ್ ಎಂಜಿನಿಯರ್. ರಾಜರ ಕತೆಗಿಂತ ಗೋಡೆ ಯಾಕೆ ಹಾಗೆ ತಿರುಗಿದೆ ಅನ್ನೋದೇ ನನಗೆ ಜಾಸ್ತಿ ಮುಖ್ಯ. ಉದ್ದ ಗೋಡೆಗೆ ದುಂಡಗಿನ ಬುರುಜು ಕಟ್ಟಿದಿರಿ ಅಂದುಕೊಳ್ಳಿ, ಬುರುಜಿನ ಬುಡಕ್ಕೆ ಬಂದು ನಿಂತ ವೈರಿ ಮೇಲಿನವರಿಗೆ ಕಾಣುವುದಿಲ್ಲ, ಅವನು ಅಲ್ಲೇ ಕೂತು ಆರಾಮಾಗಿ ಗುಂಡಿ ತೋಡಬಹುದು. ಬುರುಜನ್ನೇ ಚೂಪು ಮಾಡಿದರೆ ಅಡಗುವ ಜಾಗ ಉಳಿಯುವುದಿಲ್ಲ, ಪ್ರತಿ ಮೂಲೆಯನ್ನೂ ಪಕ್ಕದ ಮೂಲೆ ನೋಡುತ್ತಿರುತ್ತದೆ. ಫ್ರಾನ್ಸಿನ ಕೋಟೆ ಎಂಜಿನಿಯರ್ ವೊಬಾನ್ ಹೆಸರಿನಲ್ಲಿ ಪ್ರಸಿದ್ಧವಾದ ಲೆಕ್ಕ ಇದು. ಟಿಪ್ಪು ಅದನ್ನು 8 ಮೂಲೆಯಾಗಿ ನಮ್ಮ ದೋಣಿಗಾಲ್ ಗುಡ್ಡದ ಮೇಲೆ ತಂದು ಕೂರಿಸಿದ.

ಕೋಟೆ ಮುಗಿದದ್ದು 1792ರಲ್ಲಿ. ಅದೇ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ. ಕೊಡಗಿನ ರಾಜ ಇಂಗ್ಲಿಷರ ಕಡೆ. ಕೈಲಿ ಉಳಿದ ಮಂಗಳೂರಿಗೆ ಇಳಿಯುವ ಘಾಟಿ ದಾರಿ ಕಾಯಬೇಕು ಅಂದರೆ ಈ ಗುಡ್ಡಕ್ಕಿಂತ ಒಳ್ಳೆ ಜಾಗ ಯಾವುದಿದೆ ಹೇಳಿ. ಮಂಜು ನೋಡಿ ಮಂಜರಾಬಾದ್ ಅಂತ ಹೆಸರಿಟ್ಟ ಅನ್ನುತ್ತಾರೆ, ಜೂನ್‌ನಲ್ಲಿ ಹೋದರೆ ನೀವೂ ನಂಬುತ್ತೀರಿ.

ಒಳಗೆ ನಡುವಿನಲ್ಲಿ ಮೆಟ್ಟಿಲಿರುವ ಕೊಳ. ಕೂಡಿಸುವ ಗುರುತಿನ ಆಕಾರ. ಪಕ್ಕದಲ್ಲೇ ನೆಲದೊಳಗೆ ಇಳಿದ ಎರಡು ಕೋಣೆಗಳು, ಸಿಡಿಮದ್ದು ಇಡುವ ಮನೆ. ಬೇಸಿಗೆಯಲ್ಲೂ ಕಾಲಿಟ್ಟ ಕೂಡಲೇ ತಣ್ಣಗೆ ಹೊಡೆಯುತ್ತದೆ. ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ಸುರಂಗ ಇದೆ ಅಂತ ಯಾರಾದರೊಬ್ಬರು ಹೇಳೇ ಹೇಳುತ್ತಾರೆ. ನೇರ ಗೆರೆ ಎಳೆದರೂ 100 ಕಿಲೋಮೀಟರ್‌ಗಿಂತ ಜಾಸ್ತಿ! ಮಣ್ಣು ಎಲ್ಲಿ ಸುರಿದರು ಅಂತ ಸುಮ್ನೆ ಕೇಳಿ ನೋಡಿ.

ಗಾರೆ ಬಗ್ಗೆ ಒಂದು ಮಾತು. ಸುಣ್ಣದ ಗಾರೆ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಮಲೆನಾಡಿನ ಮಳೆಯಲ್ಲಿ ಹಳೇ ಗೋಡೆ ಬದುಕುವುದೇ ಹಾಗೆ. ಬೇರೊಂದು ಹಳೇ ಬಾಗಿಲಿಗೆ ನಾನು ಬೇಡ ಅಂದರೂ ಕೇಳದೆ ಸಿಮೆಂಟ್ ಬಳಿದರು, ಮೂರನೇ ಮಳೆಗಾಲಕ್ಕೆ ತೇವ ಒಳಗೇ ಕೂತು ಕಲ್ಲಿನ ಸಮೇತ ಹೊಪ್ಪಳೆ ಎದ್ದು ಬಿತ್ತು. ಬಿಲ್ ಮಾತ್ರ ಪಾಸಾಗಿತ್ತು.

ಸರಿ, ಸೈನ್ಯ ಇಳಿದ ಕಡೆ ಊರು ಬೆಳೆಯಬೇಕಲ್ವಾ? ಬೆಂಗಳೂರು ದಂಡು, ಅಂದರೆ ಕಂಟೋನ್ಮೆಂಟ್, ನೋಡಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷ್ ಪಡೆ ಶ್ರೀರಂಗಪಟ್ಟಣದಲ್ಲಿತ್ತು, ಅಲ್ಲಿನ ಜ್ವರ ತಾಳಲಾರದೆ 1809ರಲ್ಲಿ ಹಲಸೂರಿನ ಕಡೆ ಹೊರಟಿತು. ಹಿಂದೆಯೇ ದರ್ಜಿ, ಅಗಸ, ಕಟುಕ, ಹುಲ್ಲು ಮಾರುವವರು, ಅವರ ಹೆಂಡತಿ ಮಕ್ಕಳು. ಎಷ್ಟು ದೊಡ್ಡದಾಯಿತು ಅಂದರೆ ಅದು ಬೆಂಗಳೂರು ಪೇಟೆಯ ಜೊತೆ ಒಂದೇ ಪಾಲಿಕೆಯಾಗಿ ಸೇರಲು 1949 ಬರಬೇಕಾಯಿತು.

ಮಂಜರಾಬಾದಿಗೆ ಆ ಯೋಗ ಇರಲಿಲ್ಲ. ಈ ಭಾಗದ ಬಲಂ ಸೀಮೆಯ ಪಾಳೇಗಾರ ವೆಂಕಟಾದ್ರಿ ನಾಯಕ ಇಂಗ್ಲಿಷರಿಗೆ ತಿರುಗಿ ಬಿದ್ದ, 1802ರಲ್ಲಿ ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯ ಪಡೆ ಅವನನ್ನು ಸೋಲಿಸಿತು. ಆಮೇಲೆ ಈ ಘಾಟಿಯಲ್ಲಿ ಯಾರನ್ನು ಕಾಯುವುದು? ನನ್ನ ಕಣ್ಣಿಗೆ ಇನ್ನೊಂದು ಕಾರಣ ಆ ಮೆಟ್ಟಿಲುಗಳೇ. ಅಕ್ಕಿ ಮೂಟೆಯಿಂದ ಹಿಡಿದು ಸೌದೆವರೆಗೆ ಎಲ್ಲ ತಲೆ ಮೇಲೆ ಹೊತ್ತು ಹತ್ತಬೇಕಾದ ಕಡೆ ಯಾವ ಶೆಟ್ಟರು ಅಂಗಡಿ ಇಡುತ್ತಾರೆ? ವ್ಯಾಪಾರವೆಲ್ಲ ಕೆಳಗೆ ಹೇಮಾವತಿ ದಂಡೆಯಲ್ಲೇ ಕೂತಿತು, ಕಾಫಿ ಬಂದ ಮೇಲಂತೂ ಕೇಳಬೇಡಿ. ತಾಲ್ಲೂಕಿಗೆ ಮಾತ್ರ ಬಹಳ ಕಾಲ ಮಂಜರಾಬಾದ್ ಅಂತಲೇ ಹೆಸರಿತ್ತು, ಕಚೇರಿ ಇದ್ದದ್ದು ಸಕಲೇಶಪುರದಲ್ಲಿ.